ಅಂತ ಇಟ್ಕೋ

ಕಾಗದದ ಕಟ್ಟು ಬಿಚ್ಚಿ, ಒಂದು ಹಿಡಿ ಹಾಳೆ ಎತ್ತಿ, ಎರಡೂ ಕೈಯಲ್ಲಿ ಬಿಲ್ಲಿನ ಹಾಗೆ ಬಾಗಿಸಿ, ಹೆಬ್ಬೆರಳಿನಿಂದ ಫರ್ರನೆ ಬಿಡಿಸುತ್ತಿದ್ದಳು. ಹಾಳೆಗಳ ನಡುವೆ ಗಾಳಿ ಆಡಬೇಕು. ಇಲ್ಲದಿದ್ದರೆ ಒಂದಕ್ಕೊಂದು ಅಂಟಿಕೊಂಡು ಹೋಗಿ ಮಷೀನಿನ ಗಂಟಲಲ್ಲಿ ಸಿಕ್ಕಿಕೊಳ್ಳುತ್ತವೆ. ಬಿಡಿಸಿದ್ದನ್ನು ಮೇಜಿಗೆ ಕುಟ್ಟಿ, ಅಂಚು ಕೂಡಿಸಿ, ಟ್ರೇಗೆ ಇಟ್ಟು, ಮತ್ತೊಂದು ಹಿಡಿ.

ಬೆಳಗಿನ ಈ ಕೆಲಸಕ್ಕೆ ಮಾತು ಬೇಕಿರಲಿಲ್ಲ. ಅವಳಿಗೆ ಯಾವ ಕೆಲಸಕ್ಕೂ ಮಾತು ಬೇಕಿರಲಿಲ್ಲ ಎನ್ನಿ. ಅಮ್ಮ ಹಾಸಿಗೆ ಹಿಡಿದ ವರ್ಷ ಶಾಲೆ ಬಿಟ್ಟು ಚಿಕ್ಕಪ್ಪನ ಜೆರಾಕ್ಸ್ ಅಂಗಡಿಗೆ ಬಂದವಳು, ಅಮ್ಮ ಹೋದ ಮೇಲೂ ಅಲ್ಲೇ ಉಳಿದಿದ್ದಳು. ಅಂಗಡಿ ಎಂದರೆ ಕಾನೂನು ಕಾಲೇಜಿನ ದೊಡ್ಡ ಮೆಟ್ಟಿಲಿನ ಕೆಳಗಿನ ಜಾಗ. ಒಂದು ಹಲಗೆಯ ಕೌಂಟರ್, ಎರಡು ಮಷೀನು, ಹಿಂದೆ ಪರದೆ, ಪರದೆಯ ಆಚೆ ಕಾಗದದ ಕಟ್ಟುಗಳನ್ನು ಪೇರಿಸಿಟ್ಟ ಗೂಡು. ತಲೆಯ ಮೇಲೇ ಮೆಟ್ಟಿಲಾದ್ದರಿಂದ ಅವಳು ಜನರನ್ನು ಮುಖಕ್ಕಿಂತ ಮೊದಲು ಕಾಲಿನಿಂದ ಗುರುತಿಸುತ್ತಿದ್ದಳು. ಓಡಿ ಹತ್ತಿದರೆ ತಡವಾದ ವಿದ್ಯಾರ್ಥಿ. ನಿಂತು ನಿಂತು ಹತ್ತಿದರೆ ಪ್ರಿನ್ಸಿಪಾಲರು.

ಅಂದು ಪರಿಚಯವಿಲ್ಲದ ಕಾಲೊಂದು ಇಳಿದು ಬಂದು ಕೌಂಟರಿನ ಮುಂದೆ ನಿಂತಿತು.

"ಇದನ್ನ ಒಂದು ಕ್ಲಾಸಿಗೆ ಆಗೋಷ್ಟು ಕಾಪಿ ಮಾಡಿಕೊಡ್ತೀರಾ?"

ಹಾಳೆಯಲ್ಲಿ ಒಂದು ಗೆರೆ ನಿಂತಿತ್ತು, ಒಂದು ಮಲಗಿತ್ತು, ಎರಡರ ನಡುವೆ ಮೂರನೆಯದು ಮೇಲಿನಿಂದ ಓರೆಯಾಗಿ ಇಳಿದಿತ್ತು. ಮೊದಲ ಕಾಪಿ ಬಂತು. ನೋಡಿದಳು. ಮುಚ್ಚಳ ಎತ್ತಿ ಹಾಳೆಯನ್ನು ಚೂರು ತಿರುಗಿಸಿ ಇನ್ನೊಂದು ತೆಗೆದಳು. ಅದನ್ನೂ ನೋಡಿದಳು. ಮತ್ತೆ ತಿರುಗಿಸಿದಳು.

"ಏನಾಯ್ತು?"

"ಗೆರೆ ಸೊಟ್ಟಗೆ ಬರ್ತಾ ಇದೆ ಸರ್. ಇದನ್ನ ನೆಟ್ಟಗೆ ಮಾಡಿದ್ರೆ ಆ ಎರಡೂ ಸೊಟ್ಟ ಆಗ್ತವೆ."

ಅವನು ಮೊದಲು ಹಾಳೆಯನ್ನು ನೋಡಿದ. ಆಮೇಲೆ ನಕ್ಕ. ಕೌಂಟರಿಗೆ ಎರಡೂ ಕೈ ಊರಿ, ಕೆಮ್ಮು ಬರುವ ತನಕ ನಕ್ಕ. ಅವಳ ಕಿವಿ ಕೆಂಪಾದವು.

"ಅದು ಸೊಟ್ಟಗೇ ಇರಬೇಕು ರೀ! ಬೇಡಿಕೆಯ ಗೆರೆ ಅದು. ನೀವು ಅದನ್ನ ನೆಟ್ಟಗೆ ಮಾಡಿಬಿಟ್ರೆ ನನ್ನ ಕೆಲಸ ಹೋಗುತ್ತೆ." ಆಮೇಲೆ, ಅವಳು ತಲೆ ತಗ್ಗಿಸಿದ್ದು ಕಂಡು, ದನಿ ಇಳಿಸಿದ. "ಬೆಲೆ ಮೇಲಿದ್ದಾಗ ಕೊಳ್ಳೋರು ಕಡಿಮೆ. ಬೆಲೆ ಇಳೀತಾ ಬಂದ ಹಾಗೆ ಕೊಳ್ಳೋರು ಜಾಸ್ತಿ. ಅದಕ್ಕೇ ಹೀಗೆ ಇಳಿಯುತ್ತೆ. ಅರ್ಥ ಆಯ್ತಾ?"

"ಜಾರುಬಂಡೆ ಥರ," ಎಂದಳು. ಎಂದ ಮೇಲೆ, ಯಾಕೆಂದೆನೋ ಎನಿಸಿತು.

ಅವನು ನಗಲಿಲ್ಲ. ಅವಳನ್ನು ನೋಡಿದ. ಅಂಗಡಿಗೆ ಬರುವವರು ಯಾರೂ ಅವಳನ್ನು ನೋಡುವುದಿಲ್ಲ, ಮಷೀನಿನ ಬಾಯಿಂದ ಹೊರಬರುವ ಹಾಳೆಯನ್ನು ನೋಡುತ್ತಾರೆ. ಇವನು ಹಾಳೆ ಮರೆತು ನೋಡಿದ. ಅಷ್ಟೇ. ಕೆಲವರ ಬದುಕು ಕೆಡುವುದಕ್ಕೆ ಅಷ್ಟು ಸಾಕು.

ಮರುದಿನ ಅದೇ ಕಾಲು, ಈ ಸಲ ಸ್ವಲ್ಪ ಬೇಗ ಬೇಗ ಇಳಿದು ಬಂತು. "ನಿಮ್ಮ ಜಾರುಬಂಡೆ ಹಿಟ್ ಆಯ್ತು ರೀ. ಹಿಂದಿನ ಬೆಂಚಿನವನೂ ಎದ್ದು ಕೂತ."

ಅರ್ಥಶಾಸ್ತ್ರದ ಮೇಷ್ಟ್ರು ಅವನು. ಇಡೀ ಕಾಲೇಜಿನಲ್ಲಿ ಕರಿಕೋಟು ಇಲ್ಲದ ಒಬ್ಬನೇ ಮೇಷ್ಟ್ರು. ಲಾಯರ್ ಆಗುವವರಿಗೆ ಬೇಡಿಕೆ, ಪೂರೈಕೆ ಎಲ್ಲ ಯಾಕೆ ಎಂದು ವಿದ್ಯಾರ್ಥಿಗಳು ಕೇಳುತ್ತಿದ್ದರು. ಉಳಿದ ಮೇಷ್ಟ್ರುಗಳೂ ಕೇಳುತ್ತಿದ್ದರು, ಆದರೆ ಮುಖದಲ್ಲಿ. ಮೊದಲ ಟರ್ಮಿಗೆ ಮೈಕ್ರೋ, ಎರಡನೆಯದಕ್ಕೆ ಮ್ಯಾಕ್ರೋ, ಎರಡೂ ಅವನ ತಲೆಗೇ. ಕೆಲಸ ಮಾತ್ರ ಟೆಂಪರರಿ. ಸ್ಟಾಫ್ ರೂಮಿನಲ್ಲಿ ಅವನ ಕುರ್ಚಿ ಬಾಗಿಲಿಗೆ ತಗಲುವಂತಿತ್ತಂತೆ, ಯಾರು ಒಳಗೆ ಬಂದರೂ ಎದ್ದು ಜಾಗ ಬಿಡಬೇಕಂತೆ.

"ಮರ್ಯಾದೆಗೆ ಏಳ್ತೀನಿ ಅಂತ ಅವರು ತಿಳ್ಕೊಂಡಿದ್ದಾರೆ," ಎಂದ. "ಮೊಣಕಾಲಿಗೆ ಏಟು ಬೀಳುತ್ತೆ ಅಂತ ಏಳೋದು."

ಅವಳು ನಕ್ಕಳು. ನಗುವಾಗ ಬಾಯಿಗೆ ಕೈ ಅಡ್ಡ ಹಿಡಿದಳು. ಕೈಯಲ್ಲಿದ್ದ ಟೋನರಿನ ಕಪ್ಪು ಕೆನ್ನೆಗೆ ಹತ್ತಿತು.

"ಕಪ್ಪು," ಎಂದು ತನ್ನ ಕೆನ್ನೆ ಮುಟ್ಟಿ ತೋರಿಸಿದ. ಅವಳು ಬೇರೆ ಕೆನ್ನೆ ಒರೆಸಿಕೊಂಡಳು. "ಆ ಕಡೆ ಅಲ್ಲ." ಒರೆಸಿಕೊಂಡಳು, ಹರಡಿತು. "ಬಿಡಿ. ಈಗ ಎರಡೂ ಕಡೆ ಸಮ ಆಯ್ತು. ಇದನ್ನೇ ನಾವು ಸಮತೋಲನ ಅನ್ನೋದು."

ಹಾಗೆ ಶುರುವಾಯಿತು. ಮಧ್ಯಾಹ್ನ ಚಿಕ್ಕಪ್ಪ ಕುರ್ಚಿಯಲ್ಲೇ ತೂಕಡಿಸುವ ಹೊತ್ತಿಗೆ ಅವನು ಬರುತ್ತಿದ್ದ. ನಾಳೆಯ ಪಾಠವನ್ನು ಇಂದು ಅವಳಿಗೆ ಹೇಳುತ್ತಿದ್ದ. ಲಾ ಓದುವವರ ಮುಂದೆ ನಿಂತರೆ ತನಗೆ ಕೋರ್ಟಿನಲ್ಲಿ ನಿಂತ ಹಾಗಾಗುತ್ತದೆ, ಮೊದಲು ಒಬ್ಬರ ಮುಂದೆ ಹೇಳಿ ನೋಡಿದರೆ ಧೈರ್ಯ ಎನ್ನುತ್ತಿದ್ದ.

"ಕೆಲವು ದೇಶಗಳ ಕೋರ್ಟಲ್ಲಿ ಕಾನೂನು ಓದದ ಸಾಮಾನ್ಯ ಜನರನ್ನ ಕೂರಿಸಿ ತೀರ್ಪು ಕೇಳ್ತಾರಲ್ಲ, ಅದಕ್ಕೆ ಜೂರಿ ಅಂತಾರೆ. ಇನ್ಮೇಲೆ ನೀವೇ ನನ್ನ ಜೂರಿ."

ಅವಳಿಗೆ ಮನೆಯಲ್ಲಿ ಒಂದು ಹೆಸರಿತ್ತು, ರೇಷನ್ ಕಾರ್ಡಿನಲ್ಲಿ ಇನ್ನೊಂದಿತ್ತು. ಎರಡೂ ಅಂದಿನಿಂದ ಹಳೆಯವಾದವು.

ಅವನ ಪಾಠವೆಲ್ಲ ಒಂದೇ ಥರ ಶುರುವಾಗುತ್ತಿತ್ತು. ಒಂದು ಊರಲ್ಲಿ ಒಂದೇ ಬೇಕರಿ ಇದೆ ಅಂತ ಇಟ್ಕೊಳ್ಳಿ. ಒಬ್ಬನ ಸಂಬಳ ಏರಿತು ಅಂತ ಇಟ್ಕೊಳ್ಳಿ. ಉಳಿದದ್ದೆಲ್ಲ ಹಾಗೇ ಇದೆ ಅಂತ ಇಟ್ಕೊಳ್ಳಿ. ವಿದ್ಯಾರ್ಥಿಗಳು ಅವನಿಗೆ 'ಇಟ್ಕೊಳ್ಳಿ ಸರ್' ಎಂದೇ ಹೆಸರಿಟ್ಟಿದ್ದರು. ಅವನೇ ಹೇಳಿ ನಗುತ್ತಿದ್ದ.

"ಅವರದ್ದೂ ತಪ್ಪಿಲ್ಲ. ಲಾದವರು ಯಾವುದನ್ನೂ ಇಟ್ಕೊಳ್ಳಲ್ಲ. 'ಸಾಕ್ಷಿ ಎಲ್ಲಿ ಸರ್' ಅಂತಾರೆ. ನಮ್ಮ ಶಾಸ್ತ್ರ ನಡೆಯೋದೇ ಇಟ್ಕೊಳ್ಳೋದ್ರ ಮೇಲೆ."

"ಉಳಿದದ್ದೆಲ್ಲ ಹಾಗೇ ಇರುತ್ತಾ ಸರ್?"

"ಎಲ್ಲಿ ಇರುತ್ತೆ? ಯಾವತ್ತೂ ಇರಲ್ಲ. ಪಾಠ ಮುಗಿಯೋ ತನಕ ಇದೆ ಅಂತ ಅಂದ್ಕೋಬೇಕು, ಅಷ್ಟೇ."

ಅದು ಬದಲಾದದ್ದು ಯಾವಾಗ ಎಂದು ಅವಳಿಗೆ ಚೆನ್ನಾಗಿ ಗೊತ್ತು. ಕರೆಂಟ್ ಹೋಗಿತ್ತು, ಮಷೀನು ಸುಮ್ಮನಾಗಿತ್ತು, ಮೆಟ್ಟಿಲ ಮೇಲೂ ಸದ್ದಿರಲಿಲ್ಲ. ಅವನು ಕೌಂಟರಿಗೆ ಒರಗಿ ಹೇಳಿದ: "ಒಬ್ಬಳು ಟೈಲರ್ ಇದ್ದಾಳೆ ಅಂತ ಇಟ್ಕೋ."

ಇಟ್ಕೊಳ್ಳಿ ಅಲ್ಲ. ಇಟ್ಕೋ.

ಅವನಿಗೆ ಗೊತ್ತಾಯಿತೋ ಇಲ್ಲವೋ. ಟೈಲರಿನ ಬಗ್ಗೆ ಹೇಳುತ್ತಲೇ ಹೋದ. ಅವಳಿಗೆ ಟೈಲರೂ ಕೇಳಿಸಲಿಲ್ಲ, ದಾರವೂ ಕೇಳಿಸಲಿಲ್ಲ. ಮಾತಿನ ತುದಿಯಿಂದ ಒಂದು ಅಕ್ಷರ ಉದುರಿತ್ತು, ಅದನ್ನು ಆರಿಸಿಕೊಳ್ಳುತ್ತ ಕೂತಿದ್ದಳು.

"ಜೂರಿ, ಎಲ್ಲಿದ್ದೀಯ?"

"ಇಲ್ಲೇ ಸರ್."

"ಮುಖ ಇಲ್ಲಿದೆ. ನೀನೆಲ್ಲಿದ್ದೀಯ ಅಂತ ಕೇಳಿದ್ದು."

ಅವಳು ಸ್ಟೇಪ್ಲರಿಗೆ ಪಿನ್ನು ತುಂಬಿದಳು. ಅದರಲ್ಲಿ ಮೊದಲೇ ಪಿನ್ನು ತುಂಬಿತ್ತು.

ಮುಂದಿನ ವಾರ ಅವನು ಹೇಳಿದ ಪಾಠ ಇದು. ಹೇಳುವಾಗ ಅವಳ ಕಡೆ ನೋಡಲಿಲ್ಲ, ಪೆನ್ನಿನ ಮುಚ್ಚಳ ತಿರುಗಿಸುತ್ತಿದ್ದ.

"ನಾವಿಬ್ರೂ ಒಂದೇ ಮನೇಲಿ ಇದ್ದೀವಿ ಅಂತ ಇಟ್ಕೋ."

ಮೇಲೆ ಯಾರೋ ಮೆಟ್ಟಿಲು ಇಳಿದರು. ಯಾರೆಂದು ಅವಳಿಗೆ ಗೊತ್ತಾಗಲಿಲ್ಲ. ಹಾಗೆ ಗೊತ್ತಾಗದೇ ಹೋದದ್ದು ಅದೇ ಮೊದಲು.

"ಅಡುಗೇನೂ ನೀನು ನನಗಿಂತ ಚೆನ್ನಾಗಿ ಮಾಡ್ತೀಯ, ಬಟ್ಟೇನೂ ನನಗಿಂತ ಚೆನ್ನಾಗಿ ಒಗೀತೀಯ. ಹಾಗಂತ ಎರಡೂ ನೀನೇ ಮಾಡಬೇಕಾ?"

"ಮಾಡ್ತೀನಿ. ಅದಕ್ಕೇನು."

"ಮಾಡಬಾರದು. ಅದೇ ಪಾಠ. ನಾನು ಅಡುಗೆ ಮಾಡಿದ್ರೆ ಊಟ ಪೂರ್ತಿ ಕೆಡುತ್ತೆ. ಬಟ್ಟೆ ಒಗೆದ್ರೆ ಸ್ವಲ್ಪ ಮಾತ್ರ ಕೆಡುತ್ತೆ. ಯಾವುದರಲ್ಲಿ ಕಡಿಮೆ ದಡ್ಡನೋ ಅದು ನಂದು. ಆಗ ನಿನಗೂ ಪುರುಸೊತ್ತು. ಇಬ್ರೂ ಕಿಟಕಿ ಹತ್ರ ಕೂತ್ಕೋಬಹುದು."

"ಕಿಟಕಿ ಇದೆಯಾ ಸರ್?"

ಅವನು ಈಗ ನೋಡಿದ. "ಇದೆ ಅಂತ ಇಟ್ಕೋ."

ಇಟ್ಟುಕೊಂಡಳು. ಮನೆಗೆ ಹೋಗುವ ದಾರಿಯಲ್ಲಿ ಒಂದೊಂದೇ ತೆಗೆದು ನೋಡಿದಳು. ಕಿಟಕಿಗೆ ಸರಳು ಇತ್ತು. ಹಗ್ಗದ ಮೇಲೆ ಅವನು ಒಗೆದು ಹಾಕಿದ ಬಟ್ಟೆ, ಸರಿಯಾಗಿ ಹಿಂಡದೆ ನೀರು ತೊಟ್ಟಿಕ್ಕುತ್ತಿತ್ತು. ಅವಳು ಒಳಗಿನಿಂದ, "ಇನ್ನೊಂದ್ಸಲ ಹಿಂಡಿ," ಎನ್ನುತ್ತಿದ್ದಳು. ಸರ್ ಎನ್ನುತ್ತಿರಲಿಲ್ಲ.

ಆ ತಿಂಗಳೇ ಚಿಕ್ಕಮ್ಮ ಒಂದು ಸಂಬಂಧ ತಂದಳು. ಫೋಟೋ ಫ್ರೇಮ್ ಹಾಕುವ ಅಂಗಡಿಯವನು. ಸ್ವಂತ ಅಂಗಡಿ, ಸ್ವಂತ ಕೈ ಕೆಲಸ. ಒಂದು ಸಂಜೆ ತನ್ನ ಅಕ್ಕನ ಜೊತೆ ಮನೆಗೆ ಬಂದ. ಕೂತವನು ಎದ್ದು ಹೋಗಿ ಗೋಡೆಯ ಮೇಲೆ ಅಮ್ಮನ ಫೋಟೋ ಒಂದಿಷ್ಟು ವಾಲಿದ್ದುದನ್ನು ಸರಿ ಮಾಡಿದ, ಯಾರ ಕಡೆಯೂ ನೋಡದೆ ಮತ್ತೆ ಬಂದು ಕೂತ. ಹೊರಡುವಾಗ ಬಾಗಿಲ ಹತ್ತಿರ ಅವಳೊಬ್ಬಳಿಗೇ ಕೇಳುವಂತೆ ಹೇಳಿದ: "ನನಗೆ ಒಪ್ಪಿಗೆ ಇದೆ. ನಿಮಗೆ ಇಲ್ಲ ಅಂದ್ರೆ ಹೇಳಿಬಿಡಿ, ನಾನು ಬೇಜಾರು ಮಾಡ್ಕೊಳ್ಳಲ್ಲ. ಅಂದ್ರೆ, ಮಾಡ್ಕೊಳ್ತೀನಿ. ಆದ್ರೆ ಮನಸ್ಸಲ್ಲಿ ಇಟ್ಕೊಳ್ಳಲ್ಲ."

ಒಳ್ಳೆಯವನು. ಅದೇ ಕಷ್ಟವಾಯಿತು. ಕೆಟ್ಟವನಾಗಿದ್ದರೆ ಬೇಡ ಎನ್ನುವುದು ಸುಲಭವಿತ್ತು.

"ಬೇಡ ಚಿಕ್ಕಮ್ಮ."

"ಏನು ಬೇಡ? ಅವನ ಮೂಗು ಬೇಡವಾ, ಅಂಗಡಿ ಬೇಡವಾ?"

"ಯಾವುದೂ ಅಲ್ಲ."

"ಹಂಗಾದ್ರೆ ಇನ್ಯಾರಾದ್ರೂ ಇದ್ದಾರಾ? ಬಾಯಿಗೆ ಬೀಗ ಹಾಕ್ಕೊಂಡು ಕೂತ್ರೆ ನಂಗೇನು ಕನಸು ಬೀಳುತ್ತಾ? ಯಾರಾದ್ರೂ ಮಾತು ಕೊಟ್ಟಿದ್ದಾರೇನೇ?"

ಕೊಟ್ಟಿದ್ದಾನೆ ಎನ್ನಲು ಬಾಯಿ ಬರಲಿಲ್ಲ. ಕೊಟ್ಟಿಲ್ಲ ಎನ್ನಲೂ ಬರಲಿಲ್ಲ. ಇಟ್ಕೋ ಅಂದಿದ್ದಾನೆ, ಇಟ್ಟುಕೊಂಡಿದ್ದೇನೆ. ಇದನ್ನು ಚಿಕ್ಕಮ್ಮನಿಗೆ ಯಾವ ಭಾಷೆಯಲ್ಲಿ ಹೇಳುವುದು? ಚಿಕ್ಕಪ್ಪ ಟೀ ಲೋಟ ಕೆಳಗಿಟ್ಟು, "ಬಿಡೇ, ಬಲವಂತ ಮಾಡಬೇಡ," ಎಂದ. ಚಿಕ್ಕಮ್ಮ ಆ ರಾತ್ರಿ ಪಾತ್ರೆಗಳನ್ನು ಬಲವಂತವಾಗಿ ತೊಳೆದಳು.

ಮರುದಿನ ಅವಳು ಅವನಿಗೆ ಹೇಳಿದಳು. ಜೀವಮಾನದಲ್ಲಿ ತಾನಾಗಿ ಶುರು ಮಾಡಿದ ಮೊದಲ ಮಾತು ಅದಿರಬೇಕು.

"ಮನೇಲಿ ಒಂದು ಸಂಬಂಧ ಬಂದಿತ್ತು ಸರ್. ಫ್ರೇಮ್ ಅಂಗಡಿಯವರು. ಒಳ್ಳೆಯವರು. ಬೇಡ ಅಂದೆ."

ಪೆನ್ನಿನ ಮುಚ್ಚಳ ತಿರುಗುವುದು ನಿಂತಿತು.

"ಯಾಕೆ?"

ಅವಳು ತಲೆ ಎತ್ತಿದಳು. ಯಾಕೆ ಎಂಬುದು ಅವಳ ಮುಖದಲ್ಲಿ ಇಷ್ಟಿಷ್ಟು ದೊಡ್ಡ ಅಕ್ಷರದಲ್ಲಿ ಇತ್ತು. ಓದು ಬಂದವನು ಓದಿಕೊಂಡ. ಓದಿಕೊಂಡದ್ದು ಅವಳಿಗೆ ಕಂಡಿತು ಕೂಡ. ಅವನ ಕಣ್ಣು ಒದ್ದೆಯಾಯಿತು. ಮಷೀನಿನ ಗಾಜಿನ ಮೇಲೆ ಅವಳ ಕೈ ಇತ್ತು, ಪಕ್ಕದಲ್ಲಿ ಅವನು ತನ್ನ ಕೈ ಇಟ್ಟ. ತಗಲಿಸಲಿಲ್ಲ. ಇನ್ನೊಂದು ಕೈ ಎಲ್ಲಿ ಊರಿದನೋ, ಬಟನ್ ಒತ್ತಿತು. ಹಸಿರು ಬೆಳಕು ಎರಡೂ ಅಂಗೈಗಳ ಕೆಳಗೆ ಬೆಚ್ಚಗೆ ಹರಿದು ಹೋಯಿತು. ಹಾಳೆ ಹೊರಗೆ ಬಂತು. ಎರಡು ಕೈ, ನಡುವೆ ಒಂದು ಬೆರಳಿನಷ್ಟು ಕತ್ತಲೆ.

ಅವನು ಅದನ್ನು ಮಡಚಿ ಶರ್ಟಿನ ಜೇಬಿಗೆ ಹಾಕಿಕೊಂಡ. ಏನೂ ಹೇಳಲಿಲ್ಲ. ಹೇಳುತ್ತಾನೆ ಎಂದು ಅವಳು ಕಾದಳು. ಇಟ್ಕೋ ಇಲ್ಲದ ಒಂದೇ ಒಂದು ಮಾತು. ಅಷ್ಟು ಸಾಕಿತ್ತು; ಚಿಕ್ಕಮ್ಮನ ಮುಂದೆ ಹೇಳಲಿಕ್ಕೆ, ತನಗೆ ತಾನು ಹೇಳಿಕೊಳ್ಳಲಿಕ್ಕೆ.

ಆಮೇಲೆ ಮಾತು ಬಂತು. ಆದರೆ ಮಹಡಿಯ ಮೇಲೆ, ಬೇರೆಯವರಿಗೆ.

ಮೊದಲ ವರ್ಷದ ಕ್ಲಾಸಿಗೆ ಟೆಸ್ಟಿನ ಪ್ರಶ್ನೆಗಳ ಕಾಪಿ ತಲುಪಿಸಬೇಕಿತ್ತು. ಪ್ಯೂನ್ ಇರಲಿಲ್ಲ, ಅವಳೇ ಹತ್ತಿದಳು. ಬಾಗಿಲು ತೆರೆದೇ ಇತ್ತು. ಅವನು ಬೋರ್ಡಿಗೆ ಮುಖ ಮಾಡಿ ಬರೆಯುತ್ತಿದ್ದ, ಬೆನ್ನು ಬಾಗಿಲ ಕಡೆಗೆ. ಹೊಸ್ತಿಲಲ್ಲಿ ನಿಂತಳು.

"ಒಂದನ್ನ ಆರಿಸ್ಕೊಂಡಾಗ ಇನ್ನೊಂದನ್ನ ಬಿಡ್ತೀವಿ. ಆ ಬಿಟ್ಟದ್ದೇ ಆರಿಸ್ಕೊಂಡಿದ್ದರ ನಿಜವಾದ ಬೆಲೆ. ಅರ್ಥ ಆಗಲಿಲ್ವಾ? ಸರಿ. ಒಬ್ಬಳು ಹುಡುಗಿ ಇದ್ದಾಳೆ ಅಂತ ಇಟ್ಕೊಳ್ಳಿ."

ಹಿಂದಿನ ಬೆಂಚು ಎದ್ದು ಕೂತಿತು.

"ಒಂದು ಸಣ್ಣ ಅಂಗಡೀಲಿ ಕೆಲಸ. ಅವಳಿಗೊಂದು ಸಂಬಂಧ ಬರುತ್ತೆ. ಫ್ರೇಮ್ ಅಂಗಡಿಯವನು. ಒಳ್ಳೆಯವನು. ಆದ್ರೆ ಅವಳ ಮನಸ್ಸು ಇನ್ನೊಬ್ಬನ ಮೇಲೆ. ಫ್ರೇಮ್ ಅಂಗಡಿಯವನನ್ನ ಬೇಡ ಅಂತಾಳೆ. ಈಗ ಹೇಳಿ, ಆ ಇನ್ನೊಬ್ಬನ ಬೆಲೆ ಎಷ್ಟು?"

"ಒಂದು ಫ್ರೇಮ್ ಅಂಗಡಿ, ಸರ್!"

ನಗು. ಅವನ ಬೆನ್ನೂ ನಗುತ್ತಿತ್ತು. ಅವಳು ಎದೆಗೊತ್ತಿ ಹಿಡಿದ ಕಾಗದದ ಕಟ್ಟು ಇನ್ನೂ ಮಷೀನಿನ ಬಿಸಿಯಲ್ಲೇ ಇತ್ತು.

ಬೇರೆ ಯಾವ ಕಾಲೇಜಾಗಿದ್ದರೂ ಅಲ್ಲಿಗೇ ಮುಗಿಯುತ್ತಿತ್ತು. ಬೇರೆ ವಿದ್ಯಾರ್ಥಿಗಳು ಬರೆದುಕೊಂಡು ಮುಂದಿನ ಪಾಠಕ್ಕೆ ಹೋಗುತ್ತಿದ್ದರು. ಇವರು ಲಾದವರು. ಎಲ್ಲರೂ 'ಮೈಲಾರ್ಡ್' ಎಂದು ಕರೆಯುವ ದಪ್ಪ ಹುಡುಗನೊಬ್ಬ ಎದ್ದು ಕಾಲರ್ ಸರಿ ಮಾಡಿಕೊಂಡ.

"ಮೈ ಲಾರ್ಡ್, ಒಂದು ಪ್ರಶ್ನೆ. ಆ ಇನ್ನೊಬ್ಬನಿಗೆ ಈ ವಿಷಯ ಗೊತ್ತಾ?"

"ಕೂತ್ಕೊಳಪ್ಪ, ಇದು ಎಕನಾಮಿಕ್ಸು."

"ಗೊತ್ತಿದ್ದೂ ಸುಮ್ಮನಿದ್ದಾನಾ ಸರ್? ಗೊತ್ತಿದ್ದೂ ಸುಮ್ಮನಿದ್ರೆ ಕೇಸೇ ಬೇರೆ."

"ಅವನು ಮಾತು ಕೊಟ್ಟಿದ್ನಾ?" ಹುಡುಗಿಯೊಬ್ಬಳು ಕೂತಲ್ಲಿಂದಲೇ ಕೇಳಿದಳು.

"ಬಾಯಿಮಾತು ಸಾಲಲ್ಲ ಕಣೇ."

"ಯಾಕೆ ಸಾಲಲ್ಲ? ಅವನ ಮಾತು ನಂಬಿ ಅವಳು ನಷ್ಟ ಮಾಡ್ಕೊಂಡಿದ್ರೆ ಅವನು ತಪ್ಪಿಸ್ಕೊಳಕ್ಕಾಗಲ್ಲ. ಮೊನ್ನೆ ತಾನೇ ಪಾಠ ಆಯ್ತು, ನಿದ್ದೆ ಮಾಡ್ತಿದ್ಯಾ?"

"ನಂಬೋ ಥರ ಏನಾದ್ರೂ ಹೇಳಿರಬೇಕಲ್ಲ ಮತ್ತೆ!"

ಮುಂದಿನ ಬೆಂಚಿನ ಕನ್ನಡಕದ ಹುಡುಗಿ ಕೈ ಎತ್ತಿದಳು. ಅವಳು ಯಾರನ್ನೂ ನಗಿಸಲು ಮಾತಾಡುವವಳಲ್ಲ. "ಸರ್, ಎಲ್ಲ ನಿಂತಿರೋದು ಒಂದೇ ವಿಷಯದ ಮೇಲೆ. ಆ ಎರಡನೆಯವನು ಅವಳಿಗೆ ಏನಾದ್ರೂ ಹೇಳಿದ್ನಾ, ಇಲ್ವಾ?"

ಅವನು ಉತ್ತರ ಕೊಡಲು ತಿರುಗಿದ. ತಿರುಗಿದವನಿಗೆ ಬಾಗಿಲು ಕಂಡಿತು.

ಅವಳನ್ನು ನೋಡಿದ. ಅವನ ಬೆರಳುಗಳ ನಡುವೆ ಚಾಕ್‌ಪೀಸ್ ಇತ್ತು. ಶರ್ಟು ಅದೇ, ಜೇಬೂ ಅದೇ. ಒಂದೇ ಒಂದು ಮಾತಿಗೆ ಜಾಗವಿತ್ತು ಆ ಕೋಣೆಯಲ್ಲಿ, ಇಡೀ ಕ್ಲಾಸು ಅದಕ್ಕಾಗಿ ಉಸಿರು ಹಿಡಿದು ಕೂತಿತ್ತು. ಹೇಳಿದ್ದ ಎಂದಿದ್ದರೆ ಸಾಕಿತ್ತು. ಯಾರಿಗೂ ತಿಳಿಯುತ್ತಿರಲಿಲ್ಲ, ಅವಳೊಬ್ಬಳಿಗೆ ಬಿಟ್ಟು.

"ಇಲ್ಲ," ಎಂದ. "ಅವನು ಏನೂ ಹೇಳಿರಲಿಲ್ಲ."

"ಹಂಗಾದ್ರೆ ಕೇಸ್ ಡಿಸ್ಮಿಸ್, ಮೈ ಲಾರ್ಡ್!" ದಪ್ಪ ಹುಡುಗ ಡೆಸ್ಕು ಕುಟ್ಟಿದ. ಎಲ್ಲರೂ ಕುಟ್ಟಿದರು.

ಅವಳು ಒಳಗೆ ಬಂದಳು. ಮುಂದಿನ ಬೆಂಚಿನಿಂದ ಶುರು ಮಾಡಿ ಒಬ್ಬೊಬ್ಬರಿಗೂ ಹಾಳೆ ಹಂಚಿದಳು. ಯಾವುದೂ ಒಂದಕ್ಕೊಂದು ಅಂಟಿರಲಿಲ್ಲ. ಕನ್ನಡಕದ ಹುಡುಗಿ "ಥ್ಯಾಂಕ್ಸ್ ಅಕ್ಕ" ಎಂದಳು. ಉಳಿದ ಹಾಳೆಗಳನ್ನು ಅವನ ಮೇಜಿನ ಮೇಲಿಟ್ಟು, ಅಂಚು ಕೂಡಿಸಿ, ಮೆಟ್ಟಿಲಿಳಿದಳು.

ಮಧ್ಯಾಹ್ನ ಅವನು ಬಂದ. ಕಾಲು ಮೆಲ್ಲಗೆ ಇಳಿಯಿತು, ಅರ್ಧದಲ್ಲಿ ನಿಂತು ಮತ್ತೆ ಇಳಿಯಿತು.

"ಅದು ಬರೀ ಉದಾಹರಣೆ, ಜೂರಿ. ಬಾಯಿಗೆ ಬಂದುಬಿಡ್ತು. ನಿನ್ನ ಹೆಸರು ಹೇಳಲಿಲ್ಲವಲ್ಲ."

"ನನ್ನ ಹೆಸರು ನಿಮಗೆ ಗೊತ್ತಾ ಸರ್?"

ಅವನು ಬಾಯಿ ತೆರೆದ. ಗೊತ್ತಿರಲಿಲ್ಲ. ಕೇಳಿಯೇ ಇರಲಿಲ್ಲ ಅವನು. ಹೆಸರು ತಾನೇ ಕೊಟ್ಟಿದ್ದನಲ್ಲ.

ಅವಳು ಸ್ಟೇಪ್ಲರ್ ಪಕ್ಕಕ್ಕಿಟ್ಟು ಕೇಳಿದಳು. "ಎರಡನೆಯವನು ನಿಜವಾಗ್ಲೂ ಏನೂ ಹೇಳಿರಲಿಲ್ವಾ?"

"ಕ್ಲಾಸಲ್ಲಿ ಬೇರೆ ಏನು ಹೇಳಕ್ಕಾಗುತ್ತೆ?"

"ಇದು ಕ್ಲಾಸಲ್ಲ."

ಚಿಕ್ಕಪ್ಪನ ಗೊರಕೆ ಒಮ್ಮೆ ನಿಂತು ಮತ್ತೆ ಶುರುವಾಯಿತು. ಅವನು ಮೆಟ್ಟಿಲ ಕಡೆ ನೋಡಿದ, ಪೆನ್ನು ತೆಗೆದ, ಒಳಗಿಟ್ಟ.

"ನನ್ನ ಕೆಲಸ ನಿನಗೆ ಗೊತ್ತಲ್ಲ. ಪರ್ಮನೆಂಟ್ ಆಗ್ಲಿ. ಆ ಸ್ಟಾಫ್ ರೂಮು, ಆ ಜನ... ಈಗ ಏನಾದ್ರೂ ಅಂದ್ರೆ ನಗೆಪಾಟಲು. ಇನ್ನೊಂದು ಸ್ವಲ್ಪ ದಿನ. ಉಳಿದದ್ದೆಲ್ಲ ಹಾಗೇ ಇದ್ರೆ..."

ಮುಂದಿನದು ಅವಳಿಗೆ ಬೇಕಿರಲಿಲ್ಲ. ಈ ಪಾಠ ಆಗಿತ್ತು.

"ಹಾಗೇ ಇರಲ್ಲ ಸರ್," ಎಂದಳು. ಚಿಕ್ಕಪ್ಪನನ್ನು ಎಬ್ಬಿಸಿ, ಹೊತ್ತಾಯಿತು ಎಂದು ಹೇಳಿ, ಬಿಸಿಲಿರುವಾಗಲೇ ಮನೆಗೆ ಹೋದಳು.

ಟರ್ಮು ಮುಗಿಯಿತು. ಮೈಕ್ರೋ ಹೋಗಿ ಮ್ಯಾಕ್ರೋ ಬಂತು. ಅವನ ಕಾಪಿಗಳನ್ನು ಈಗ ಪ್ಯೂನ್ ತರುತ್ತಿದ್ದ, ಪ್ಯೂನ್ ಒಯ್ಯುತ್ತಿದ್ದ. ಹಾಳೆಗಳಲ್ಲಿ ಗೆರೆಗಳ ಬದಲು ಬಾಣದ ಗುರುತುಗಳು, ಮನೆಗಳಿಂದ ಕಂಪನಿಗಳಿಗೆ, ಕಂಪನಿಗಳಿಂದ ಮನೆಗಳಿಗೆ, ಸುತ್ತಿ ಸುತ್ತಿ. ಒಬ್ಬೊಬ್ಬರ ಲೆಕ್ಕ ಮೈಕ್ರೋ, ಎಲ್ಲರ ಲೆಕ್ಕ ಮ್ಯಾಕ್ರೋ ಎಂದು ಅವನು ಯಾವಾಗಲೋ ಹೇಳಿದ್ದ. ಎಲ್ಲರ ಲೆಕ್ಕ ಹಾಕುವಾಗ ಒಬ್ಬೊಬ್ಬರು ಕಾಣಿಸುವುದಿಲ್ಲವಂತೆ.

ಹಳೆಯ ಪ್ರಿನ್ಸಿಪಾಲರ ಫೋಟೋಗಳಿಗೆ ಹೊಸ ಫ್ರೇಮ್ ಹಾಕಿಸಿ ಕಾರಿಡಾರಿನಲ್ಲಿ ತೂಗುಹಾಕಿದ ದಿನ ಫ್ರೇಮ್ ಅಂಗಡಿಯವನೇ ಬಂದಿದ್ದ. ಏಣಿ ಹಿಡಿದುಕೊಂಡು ಒಬ್ಬಳು ಹುಡುಗಿ ನಿಂತಿದ್ದಳು, ಬಾಯಲ್ಲಿ ಮೊಳೆ ಕಚ್ಚಿಕೊಂಡು.

"ಅಲ್ಲಿಂದ ನೋಡಿ ಹೇಳ್ತೀರಾ, ವಾಲಿದೆಯಾ?" ಎಂದು ಅವನು ಮೇಲಿನಿಂದ, ಕಾಪಿ ಕೊಟ್ಟು ಬರುತ್ತಿದ್ದ ಅವಳನ್ನು ಕೇಳಿದ. ಅವಳನ್ನು ಗುರುತಿಸಿದ ಮೇಲೆ ಅವನ ಮುಖದಲ್ಲಿ ಬೇಜಾರಿರಲಿಲ್ಲ. ಮಾತು ಉಳಿಸಿಕೊಂಡಿದ್ದ, ಮನಸ್ಸಲ್ಲಿ ಇಟ್ಟುಕೊಂಡಿರಲಿಲ್ಲ.

"ಇಲ್ಲ. ಸರಿಯಾಗಿದೆ."

"ಇವಳು ನಾನು ಮದುವೆ ಆಗೋ ಹುಡುಗಿ. ಮುಂದಿನ ತಿಂಗಳು. ಚಿಕ್ಕಪ್ಪನ್ನ ಕರ್ಕೊಂಡು ಬನ್ನಿ."

ಹುಡುಗಿ ಮೊಳೆ ಕಚ್ಚಿಕೊಂಡೇ ನಕ್ಕಳು. ಎಷ್ಟು ಸಲೀಸಾಗಿ ಹೇಳಿಬಿಟ್ಟ! ಇವಳು, ಮದುವೆ, ಮುಂದಿನ ತಿಂಗಳು. ಹೇಳಲು ಬರುವವರಿಗೆ ಅದು ಒಂದು ಉಸಿರಿನ ಕೆಲಸ. ಅವಳು ಕೌಂಟರಿಗೆ ಬಂದು, ಆಗಲೇ ಬಿಡಿಸಿಟ್ಟಿದ್ದ ಹಾಳೆಗಳನ್ನು ಮತ್ತೊಮ್ಮೆ ಬಿಡಿಸಿದಳು.

ಆಮೇಲೆ ಒಂದು ಮಧ್ಯಾಹ್ನ ಚಿಕ್ಕಪ್ಪ ಪೇಟೆಯಿಂದ ಸುದ್ದಿಯನ್ನೂ ಟೋನರನ್ನೂ ಒಟ್ಟಿಗೆ ತಂದ. "ನಮ್ಮ ಇಟ್ಕೊಳ್ಳಿ ಸರ್ ಪರ್ಮನೆಂಟ್ ಆದ್ರಂತೆ ಕಣಮ್ಮ. ಇನ್ನು ಅವರನ್ನ ಹಿಡಿಯೋರಿಲ್ಲ." ಹೇಳಿ ಟೀ ಕುಡಿಯಲು ಹೋದ.

ಅವಳು ಟೋನರಿನ ಡಬ್ಬಿ ಎತ್ತಿಕೊಳ್ಳುವಷ್ಟರಲ್ಲಿ ತಲೆಯ ಮೇಲೆ ಕಾಲಿನ ಸದ್ದು. ಸಾವಿರ ಕಾಲುಗಳ ನಡುವೆ ಗುರುತಿಸಬಲ್ಲ ಸದ್ದು. ಓಡುತ್ತಿತ್ತು.

ಚಪ್ಪಲಿ ಬಿಟ್ಟದ್ದು ಬಿಟ್ಟಲ್ಲೇ, ಅವಳು ಪರದೆ ಸರಿಸಿ ಗೂಡಿನೊಳಗೆ ಹೋದಳು. ಕಾಗದದ ಕಟ್ಟಿನ ಮೇಲೆ ಕೂತಳು. ಡಬ್ಬಿ ತೊಡೆಯ ಮೇಲಿತ್ತು. ಒಳಗೆ ಹೊಸ ಕಾಗದದ ವಾಸನೆ.

"ಜೂರಿ?"

ಪರದೆಯ ಅಂಚಿನಡಿ ಅವನ ಬೂಟು ಕಂಡಿತು. ಅವನಿಗೆ ಅವಳ ಚಪ್ಪಲಿ ಕಂಡಿರಬೇಕು. ಬೂಟು ಅಲ್ಲೇ ನಿಂತಿತು.

"ಒಳಗಿದ್ದೀಯ. ಗೊತ್ತು. ಬರಬೇಡ, ಪರವಾಗಿಲ್ಲ. ನಾಳಿನ ಪಾಠ ಹೇಳ್ತೀನಿ, ಕೇಳು." ಅವನ ದನಿಯಲ್ಲಿ ನಗು ಇತ್ತು, ಅದು ನಿಲ್ಲಲು ಜಾಗ ಹುಡುಕುತ್ತಿತ್ತು. "ನಿರುದ್ಯೋಗ. ಕೆಲಸ ಇಲ್ಲದೋರೆಲ್ಲ ನಿರುದ್ಯೋಗಿಗಳಲ್ಲ. ಹುಡುಕ್ತಾ ಇರಬೇಕು. ಸುಸ್ತಾಗಿ ಹುಡುಕೋದು ನಿಲ್ಲಿಸಿದೋರನ್ನ ಲೆಕ್ಕಕ್ಕೇ ತಗೊಳ್ಳಲ್ಲ. ಅವರು ಇಲ್ಲವೇ ಇಲ್ಲ ಅಂತ... ಅರ್ಥ ಆಯ್ತಾ?"

ಅರ್ಥವಾಯಿತು. ಇಷ್ಟು ಸ್ಪಷ್ಟವಾಗಿ ಅವನ ಯಾವ ಪಾಠವೂ ಅರ್ಥವಾಗಿರಲಿಲ್ಲ.

ಬೂಟು ಒಂದು ಹೆಜ್ಜೆ ಮುಂದೆ ಬಂತು. ಜೇಬಿನಿಂದ ಏನೋ ತೆಗೆದ ಸದ್ದು; ಮಡಿಕೆಯಲ್ಲಿ ಸವೆದ ಹಾಳೆ ಬಿಚ್ಚುವ ಸದ್ದು. ಕಾಗದದ ಸದ್ದು ಅವಳಿಗೆ ಮೋಸ ಮಾಡುವುದಿಲ್ಲ.

"ನೋಡು, ಇದು ಇನ್ನೂ ನನ್ನ ಹತ್ರ ಇದೆ. ನಾನು ಹೇಳಬೇಕಾಗಿತ್ತು. ಅವತ್ತೇ ಹೇಳಬೇಕಾಗಿತ್ತು. ಈಗ ಹೇಳ್ತೀನಿ."

ಅವಳು ಎದ್ದು ನಿಂತಳು. ಕೈ ತಾನಾಗಿ ಪರದೆಯ ಕಡೆ ಹೋಯಿತು. ಬಟ್ಟೆಯ ಈ ಕಡೆ ಅವಳ ಬೆರಳು, ಆ ಕಡೆ ಅವನ ಉಸಿರು. ಹೇಳಿ, ಎಂದು ಮನಸ್ಸಿನಲ್ಲೇ ಬೇಡಿಕೊಂಡಳು. ಒಂದೇ ಒಂದು ಸಲ. ನೆಟ್ಟಗೆ.

ಅವನು ಗಂಟಲು ಸರಿ ಮಾಡಿಕೊಂಡ.

"ಒಬ್ಬ ಮೇಷ್ಟ್ರು ಇದ್ದಾನೆ ಅಂತ ಇಟ್ಕೋ," ಎಂದ. "ಅವನು ಒಬ್ಬ ಹುಡುಗೀನ ತುಂಬಾ... ತುಂಬಾ ಇಷ್ಟಪಡ್ತಾನೆ ಅಂತ ಇಟ್ಕೋ."

ಅವಳ ಕೈ ಕೆಳಗಿಳಿಯಿತು.

ಹೊರಗೆ ಗಂಟೆ ಹೊಡೆಯಿತು. ಮೆಟ್ಟಿಲ ಮೇಲೆ ಒಮ್ಮೆಲೇ ಕಾಲುಗಳು, ಓಡುವ ಕಾಲುಗಳು, ನಿಂತು ನಿಂತು ಇಳಿಯುವ ಕಾಲುಗಳು, ಯಾವುದೂ ಯಾರದೂ ಅಲ್ಲದ ಹಾಗೆ. ಅವು ಮುಗಿಯುವ ತನಕ ಅವನ ಬೂಟು ಅಲ್ಲೇ ಇತ್ತು. ಅವಳು ಒಂದು ಕಟ್ಟು ಬಿಚ್ಚಿ, ಒಂದು ಹಿಡಿ ಹಾಳೆ ಎತ್ತಿ, ಸದ್ದಾಗದ ಹಾಗೆ ಬಿಡಿಸತೊಡಗಿದಳು.

"ಜೂರಿ," ಎಂದ ಅವನು. "ಈ ಪರದೆ ಸ್ವಲ್ಪ ಸರಿಸು."